ಸೀರೆ ಉಟ್ಟ ಕೈ

ಬಸವಕಲ್ಯಾಣದ ಆ ಓಣಿಯಲ್ಲಿ ದರ್ಜಿ ತುಳಜಾರಾಮನ ಮನೆಯ ಬಗ್ಗೆ ನೆರೆಯವರು ಒಂದು ಮಾತು ಆಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಸದ್ದು ಮಾಡುವ ಯಂತ್ರ ಎರಡಿವೆ, ಒಂದು ಕಾಲಿನಿಂದ ತುಳಿದರೆ ಮಾತ್ರ ನಡೆಯುತ್ತದೆ, ಇನ್ನೊಂದು ತಾನಾಗಿಯೇ ನಡೆಯುತ್ತದೆ ಎಂದು. ಆ ಎರಡನೆಯದು ಯಾವುದು ಎಂದು ಕೇಳಿದರೆ ಗಂಡಸರು ಶೇವಂತಾಬಾಯಿಯ ಹೆಸರು ಹೇಳುತ್ತಿದ್ದರು, ಹೆಂಗಸರು ತುಳಜಾರಾಮನ ಹೆಸರು ಹೇಳುತ್ತಿದ್ದರು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಟ್ಟ ಮೇಲೂ ಅರ್ಧ ತಾಸು ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರಲ್ಲ, ಅದು ಚಹಾದ ಆಸೆಗಲ್ಲ.

ಎರಡು ಸಾವಿರದ ಏಳನೆಯ ಇಸವಿಯ ಆ ಬುಧವಾರ ಮಾತ್ರ ಕಟ್ಟೆ ಖಾಲಿ ಇತ್ತು. ಶೇವಂತಾಬಾಯಿಯ ಚೀಲ ಬಾಗಿಲ ಬಳಿ ತಯಾರಾಗಿ ಕೂತಿತ್ತು. ಹುಮನಾಬಾದಿನ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಜಗಳ ಬೆಳಗಿನ ಚಹಾಕ್ಕಿಂತ ಮೊದಲೇ ಶುರುವಾಗಿತ್ತು.

ಶೇವಂತಾಬಾಯಿ: ನಾ ಹೋಗೂದಿಲ್ಲ ಅಂದ್ರ ಹೋಗೂದಿಲ್ಲ. ಚೀಲ ಬಿಚ್ಚತೇನಿ.

ತುಳಜಾರಾಮ: ಬಿಚ್ಚಬ್ಯಾಡ. ಮುಂಜಾನಿಂದ ಇದು ಮೂರನೇ ಸಲ. ಆ ಚೀಲದ ಚೈನು ನಾ ಕೂಡಿಸಿದ್ದು. ಅದಕ್ಕೂ ಒಂದು ಆಯುಷ್ಯ ಅದ.

ಶೇವಂತಾಬಾಯಿ: ಚೈನಿನ ಆಯುಷ್ಯದ್ದು ಫಿಕರ್ ಅದ. ನನ್ನದು?

ತುಳಜಾರಾಮ: ನಿನ್ನ ಫಿಕರ್ ಇದ್ದದ್ದಕ್ಕ ಬಡಕೊಳ್ಳಾಕತ್ತೇನಿ. ಡಾಕ್ಟರ್ ಸಂಜಿಗೆ ಬಾ ಅಂದಾರ, ನಾಳೆ ಮುಂಜಾನೆ ಆಪರೇಶನ್. ಮಗಳು ಚಿಟಗುಪ್ಪಾದಿಂದ ಬಂದು ಹುಮನಾಬಾದ ಸ್ಟ್ಯಾಂಡಿನ್ಯಾಗ ನಿಂದರ್ತಾಳ.

ಶೇವಂತಾಬಾಯಿ: ಉಜ್ವಲಾ ನಿಂದರ್ಲಿ. ಅಕಿ ಕಾಲು ಗಟ್ಟಿ ಅವ.

ಶೇವಂತಾಬಾಯಿಯ ಹೊಕ್ಕುಳ ಪಕ್ಕದಲ್ಲಿ ಎರಡು ವರ್ಷದಿಂದ ಲಿಂಬೆಹಣ್ಣಿನಷ್ಟು ಗಂಟು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಹುಮನಾಬಾದಿನ ಡಾಕ್ಟರ್ ಅಂಬರೀಷ ಒತ್ತಿ ನೋಡಿ, ಇದು ಕರುಳು ಇಣುಕುವ ಕಿಂಡಿ, ಒಂದು ದಿನ ಇಣುಕಿದ್ದು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಬೇಗ ಮುಚ್ಚಿಸಿಕೊಳ್ಳಿ ಎಂದಿದ್ದರು. ಶೇವಂತಾಬಾಯಿಗೆ ಕೊಯ್ಯುವುದರ ಭಯವಿರಲಿಲ್ಲ, ಹೊಲಿಯುವುದರ ಭಯವಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಅವಳನ್ನು ಪ್ರೀತಿಯಿಂದ ಮಷಿನ್ ಕಲಿಯಲು ಕೂಡಿಸಿ, ಪ್ರೀತಿಯಿಂದಲೇ ಪೆಡಲ್ ತುಳಿದಿದ್ದ. ಸೂಜಿ ಅವಳ ಬೆರಳಿನ ಒಂದು ಕಡೆ ಇಳಿದು ಇನ್ನೊಂದು ಕಡೆ ಹೊರಟಿತ್ತು. ಅಂದಿನಿಂದ ಆಕೆ ಸೂಜಿಗೆ ದಾರ ಪೋಣಿಸುವುದನ್ನೂ ನಾಲ್ಕು ಮಾರು ದೂರ ನಿಂತು ನೋಡುತ್ತಿದ್ದಳು.

ಹೀಗಿರುವಾಗ ಎಂಟು ದಿನದ ಹಿಂದೆ ಒಂದು ದಾರಿ ತೆರೆಯಿತು. ತೆರೆದದ್ದು ತುಳಜಾರಾಮನ ಅಂಗೈ.

ಶೇವಂತಾಬಾಯಿ: ಹೆಂಡತಿ ಹೊಟ್ಟಿ ತೋರಸಾಕ ಬಂದವರು ಹೆಂಡತಿ ಬಾಜೂಕ ಕೂಡ್ರಬೇಕು. ದವಾಖಾನ್ಯಾಗ ಕಂಪೌಂಡರ್ ಪರದೆ ಸೊಟ್ಟ ಕತ್ತರಿಸಾಕತ್ತಾನಂತ ಎದ್ದು ಹೋಗಿ ಕತ್ತರಿ ಕಸಕೊಂಡವರು ಯಾರು?

ತುಳಜಾರಾಮ: ಅಂವ ಅರಿಬಿ ಎಳಿ ನೋಡದ ಕತ್ತರಿ ಓಡಸಾಕತ್ತಿದ್ದ. ಕಣ್ಣಿಲೆ ನೋಡಿ ಸುಮ್ನ ಕೂಡ್ಲ್ಯಾ?

ಶೇವಂತಾಬಾಯಿ: ಪರದೆ ಸರಳ ಆತು. ಅದರ ಜೋಡಿ ಕೈನೂ ಆತು.

ತುಳಜಾರಾಮ: ಕತ್ತರಿ ಅವರದ್ದು. ನನ್ನ ಕತ್ತರಿ ಆಗಿದ್ರ ನನ್ನ ಗುರ್ತು ಹಿಡೀತಿತ್ತು.

ಡಾಕ್ಟರ್ ಅಂಬರೀಷ ಆಗ ಹೊಲಿಗೆ ಹಾಕಲಿಲ್ಲ. ಹೈದರಾಬಾದಿನಿಂದ ತಂದ, ಇನ್ನೂ ಪರೀಕ್ಷೆಯಲ್ಲಿರುವ ಒಂದು ಹೊಸ ಅಂಟು ಅವರ ಬಳಿ ಇತ್ತು. ತುಳಜಾರಾಮನಿಂದ ಒಪ್ಪಿಗೆಯ ಸಹಿ ಪಡೆದು, ಗಾಯದ ಎರಡೂ ಅಂಚಿಗೆ ಆ ಗುಲಾಬಿ ಬಣ್ಣದ ಅಂಟು ಸವರಿ, ಅಂಚುಗಳನ್ನು ಕೂಡಿಸಿ ಹಿಡಿದು, ಮೇಲಿಂದ ಹಸಿರು ಬೆಳಕು ಬಿಟ್ಟರು. ಕೆಲವೇ ನಿಮಿಷದಲ್ಲಿ ಅಂಗೈ ಮುಚ್ಚಿತು. ಸೂಜಿ ಇಲ್ಲ, ದಾರ ಇಲ್ಲ. ಎಂಟು ದಿನ ಬಿಟ್ಟು ಬಂದು ಕೈ ತೋರಿಸಿ ಎಂದರು. ಆಮೇಲೆ ಶೇವಂತಾಬಾಯಿಯ ಕಡೆ ತಿರುಗಿ, ತಾಯಿ, ಒಳಗಿನ ಕೆಲಸ ನಿಮಗೆ ಎಚ್ಚರವಿಲ್ಲದಾಗ ಮುಗಿಯುತ್ತದೆ, ಮೇಲಿನ ಚರ್ಮವನ್ನು ಹೀಗೇ ಮುಚ್ಚಬಹುದು ಎಂದರು. ಇವರ ಕೈ ಎಂಟು ದಿನ ಹಿಡೀಲಿ, ಎಂಟನೇ ದಿನ ನಾ ಬರ್ತೇನಿ ಎಂದು ಆಕೆ ಮಾತು ಕೊಟ್ಟಳು.

ಇವತ್ತು ಎಂಟನೇ ದಿನ. ಕೈ ಹಿಡಿದಿತ್ತು. ಹಿಡಿಯದೇ ಇದ್ದದ್ದು ತುಳಜಾರಾಮನ ಬಾಯಿ. ನಲವತ್ತು ವರ್ಷ ಸೂಜಿಯಿಂದ ಹೊಟ್ಟೆ ಹೊರೆದವನಿಗೆ ದಾರವಿಲ್ಲದ ಜೋಡಣೆ ಹೊಟ್ಟೆಗೆ ಇಳಿದಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಕೈ ತೋರಿಸಿ ಮೂಗು ಮುರಿದಿದ್ದ.

ಶೇವಂತಾಬಾಯಿ: ಮೊನ್ನಿ ಪ್ಯಾಂಟ್ ಹೊಲಸಾಕ ಬಂದ ಮಾರುತಿ ಮುಂದ ಏನಂದ್ರಿ? ಬೆಳಕಿಗೆ ಹತ್ತಿದ್ದು ಕತ್ತಲಿಗೆ ಬಿಡ್ತದ ಅಂತ ಅಂದ್ರೋ ಇಲ್ಲೋ?

ತುಳಜಾರಾಮ: ಅದು ಚ್ಯಾಷ್ಟಿ.

ಶೇವಂತಾಬಾಯಿ: ಚ್ಯಾಷ್ಟಿ ಅಂತ ಹ್ಯಾಂಗ ಗೊತ್ತಾಗ್ಬೇಕು? ನೀವು ಚ್ಯಾಷ್ಟಿ ಮಾಡುವಾಗೂ ಇದೇ ಮಾರಿ, ಖರೇ ಹೇಳುವಾಗೂ ಇದೇ ಮಾರಿ.

ತುಳಜಾರಾಮ: ಒಮ್ಮಿ ಗಟ್ಟಿ ಆದ ಮ್ಯಾಲ ಬೆಳಕಿನ ಕೆಲಸ ಮುಗೀತು ಅಂತ ಡಾಕ್ಟರೇ ಹೇಳ್ಯಾರಲ್ಲ.

ಶೇವಂತಾಬಾಯಿ: ಡಾಕ್ಟರಗೇನು, ಅವರ ದವಾಖಾನ್ಯಾಗ ಜನರೇಟರ್ ಅದ. ನಮ್ಮ ಓಣ್ಯಾಗ ಮುಂಜಾನೆ ಮೂರು ತಾಸು ಕರೆಂಟ್ ಹೋಗ್ತದ, ಮಧ್ಯಾಹ್ನ ಮೂರು ತಾಸು ಹೋಗ್ತದ. ಇಲ್ಲಿಯ ಕತ್ತಲಿ ಅವರು ಕಂಡಾರೇನು?

ತುಳಜಾರಾಮ: ಕತ್ತಲಿಗೂ ಅದಕ್ಕೂ ಸಂಬಂಧನೇ ಇಲ್ಲ ಅಂತೇನಿ.

ಶೇವಂತಾಬಾಯಿ: ಸಂಬಂಧ ಇಲ್ಲಂದ್ರ ನೀವು ಎರಡು ದಿನದಿಂದ ಲೈಟ್ ಹಾಕ್ಕೊಂಡು, ಕೈ ಕಂಬಳಿ ಹೊರಗ ಚಾಚಿ ಯಾಕ ಮಲಗಾಕತ್ತೀರಿ?

ತುಳಜಾರಾಮ: ಸೊಳ್ಳಿ ನೋಡಾಕ.

ಶೇವಂತಾಬಾಯಿ: ನಿಮ್ಮ ಕೈ ಅಂದ್ರ ಹೊರಗ ಇರೂದು. ದಿನಾ ಬಿಸಲು ಕಾಣ್ತದ. ನನ್ನ ಹೊಟ್ಟಿ ಬೆಳಕು ಕಂಡು ಎಷ್ಟು ವರ್ಷ ಆತು? ಆಪರೇಶನ್ ಆದ ಮ್ಯಾಲ ನಾ ಏನು ಮಾಳಗಿ ಮ್ಯಾಲ ಹೊಟ್ಟಿ ತೆರಕೊಂಡು ಕೂಡ್ರಲ್ಯಾ, ಹಪ್ಪಳದ ಬಾಜೂಕ?

ತನ್ನ ಮಾತು ಇಷ್ಟು ದೂರ ನಡೆಯುತ್ತದೆ ಎಂದು ಗೊತ್ತಿದ್ದರೆ ತುಳಜಾರಾಮ ಅದಕ್ಕೆ ಕಾಲು ಹಚ್ಚುತ್ತಿರಲಿಲ್ಲ.

ತುಳಜಾರಾಮ: ಈಗ ಏನ್ ಮಾಡಂತಿ?

ಶೇವಂತಾಬಾಯಿ: ನನ್ನ ಹೊಟ್ಟಿಗೆ ಎಷ್ಟು ಕತ್ತಲಿ ಅದನೋ ಅಷ್ಟೇ ಕತ್ತಲಿ ನಿಮ್ಮ ಕೈಗೆ ಕೊಡೂಣು. ಬಸ್ಸಿನ ಹೊತ್ತಿನ ತನಕ. ಹಿಡಿದ್ರ ಹೋಗ್ತೇನಿ. ಬಿಟ್ಟರ ಚೀಲ ಬಿಚ್ಚತೇನಿ, ಮತ್ತ ಯಾರೂ ನನ್ನ ಮುಂದ ದವಾಖಾನಿ ಹೆಸರು ಎತ್ತಬಾರದು.

ತುಳಜಾರಾಮ: ಸಂದೂಕಿನ್ಯಾಗ ಕೈ ಇಡ್ತೇನಿ.

ಶೇವಂತಾಬಾಯಿ: ಸಂದೂಕಿನ ಕತ್ತಲಿ ಬ್ಯಾರೆ, ಸೀರಿ ಕತ್ತಲಿ ಬ್ಯಾರೆ. ನಾ ಸಂದೂಕು ಉಟ್ಟುಕೊಂಡು ತಿರುಗಾಡ್ತೇನೇನು?

ಆಕೆ ಒಳಗೆ ಹೋಗಿ ಹಸಿರು ದಡಿಯ ಒಂದು ಹಳೆಯ ಸೀರೆ ತಂದಳು, ಒಂದು ಲಂಗವನ್ನೂ ತಂದಳು. ಕಟ್ಟೆಯ ಮೇಲೆ ಗಂಡನ ಎಡಗೈಯನ್ನು ನೆಟ್ಟಗೆ ನಿಲ್ಲಿಸಿ ಲೆಕ್ಕ ಹಾಕತೊಡಗಿದಳು.

ಶೇವಂತಾಬಾಯಿ: ಮೊದಲು ಲಂಗ. ಒಂದು ಪದರ. ಅದರ ಮ್ಯಾಲ ಸೀರಿ ಎರಡು ಸುತ್ತು.

ತುಳಜಾರಾಮ: ಒಂದೂವರಿ. ಮದವಿ ಆದಾಗ ಎರಡು ಬರ್ತಿತ್ತು.

ಶೇವಂತಾಬಾಯಿ: ಅರಿಬಿ ಕುಗ್ಗ್ಯದ. ಆಮ್ಯಾಲ ನಿರಿಗಿ ಏಳು.

ತುಳಜಾರಾಮ: ಐದಕ್ಕಿಂತ ಜಾಸ್ತಿ ಬರೂದಿಲ್ಲ. ನಾ ದರ್ಜಿ, ನನಗ ಹೇಳ್ತಿ?

ಶೇವಂತಾಬಾಯಿ: ನಿರಿಗಿ ಹೊಲಿಯೂದಿಲ್ಲ, ಹಿಡೀತಾರ. ಅದಕ್ಕ ದರ್ಜಿ ಸಂಬಂಧ ಇಲ್ಲ.

ಏಳು ನಿರಿಗೆ ಹಿಡಿದು, ತಟ್ಟಿ, ಸಿಕ್ಕಿಸಿದಳು. ರೂಢಿಯ ಕೈ ನೋಡಿ, ಉಳಿದ ಸೆರಗನ್ನು ತಾನರಿಯದೆಯೇ ಮುಷ್ಟಿಯ ಮೇಲೆ ತಲೆಗೆ ಹೊದ್ದಿಸಿದಂತೆ ಹೊದ್ದಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ದಡಿ ತುಸು ಕೆಳಗೆ ಜಗ್ಗಿದಳು.

ತುಳಜಾರಾಮ: ಕುಂಕುಮ ಒಂದು ಬಾಕಿ ಉಳೀತು.

ಶೇವಂತಾಬಾಯಿ: ಅಲುಗಾಡಬ್ಯಾಡ್ರಿ, ನಿರಿಗಿ ಕೆಡ್ತಾವ. ನಾ ಬುತ್ತಿಗೆ ರೊಟ್ಟಿ ಬಡಿದು ಬರ್ತೇನಿ.

ಆಕೆ ಅಡುಗೆಮನೆಗೆ ಹೋದಳು. ಸೀರೆ ಉಟ್ಟ ಕೈ ಭಾರವಾಗಿ ನೋಯತೊಡಗಿದ್ದರಿಂದ ತುಳಜಾರಾಮ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಬಲಗೈ ಕೆಳಗೆ ಆನಿಸಿ, ಕಾಲು ಕುಣಿಸುತ್ತ ಕುಳಿತ. ಅದೇ ಹೊತ್ತಿಗೆ ಖಮರುದ್ದೀನ್ ಬಂದ. ಎರಡು ಮನೆ ಆಚೆ ಅವನ ಅಂಗಡಿ. ಹರಿದ ಶಾಲು, ಶೇರವಾನಿಗಳಿಗೆ ಹರಿದದ್ದೇ ಗೊತ್ತಾಗದಂತೆ ಎಳೆಗೆ ಎಳೆ ಕೂಡಿಸುವ ರಫೂ ಕೆಲಸ ಅವನದು. ಮೂವತ್ತು ವರ್ಷದ ಗೆಳೆತನ. ಹದಿನೈದು ದಿನದಿಂದ ಊರಲ್ಲಿರಲಿಲ್ಲ. ಕಟ್ಟೆ ಹತ್ತಿದವನು ಗೆಳೆಯನ ತೊಡೆಯ ಮೇಲಿನ ಪೊಟ್ಟಣ ನೋಡಿ, ಚಪ್ಪಲಿ ಸದ್ದಾಗದಂತೆ ಬಿಟ್ಟ.

ಖಮರುದ್ದೀನ್ (ಪಿಸುದನಿಯಲ್ಲಿ): ಮುಬಾರಕ್ ಮಾಸ್ತರ್. ಎಂದು ಆತು?

ತುಳಜಾರಾಮ: ಎಂಟು ದಿನ ಆತು.

ಖಮರುದ್ದೀನ್: ನನಗ ಖಬರೇ ಇಲ್ಲ. ಎಲ್ಲಿ?

ತುಳಜಾರಾಮ: ಹುಮನಾಬಾದ ದವಾಖಾನ್ಯಾಗ. ರಕ್ತ ಭಾಳ ಹೋತು. ನೋಡಿ ನಾನೇ ತಲಿ ತಿರುಗಿ ಬಿದ್ದೆ.

ಖಮರುದ್ದೀನ್: ನಿನ್ನ ಒಳಗ ಬಿಟ್ಟರಾ?

ತುಳಜಾರಾಮ: ನನ್ನ ಬಿಟ್ಟು ಹ್ಯಾಂಗ ಆಗ್ತದ? ನಂದಲ್ಲೇನು?

ಖಮರುದ್ದೀನ್ ಮುಂದೆ ಚಾಚಿದ್ದ ಬೆರಳನ್ನು ಹಿಂದೆ ತೆಗೆದುಕೊಂಡ.

ಖಮರುದ್ದೀನ್: ನಿಂದಾ? ನಾ ಉಜ್ವಲಾಂದು ಅಂತ ತಿಳಕೊಂಡೆ.

ತುಳಜಾರಾಮ: ಉಜ್ವಲಾಂದು ಯಾಕ ಆಗ್ತದ? ಅಕಿ ಆರಾಮ ಅದಾಳ.

ಖಮರುದ್ದೀನ್: ಹಂಗಾದ್ರ ಇದು ಭಾಭಿದು?

ತುಳಜಾರಾಮ: ಭಾಭಿದು ನಾಳೆ.

ಖಮರುದ್ದೀನ್ ಕಟ್ಟೆಯ ಅಂಚು ಹಿಡಿದು ನಿಧಾನಕ್ಕೆ ಕುಳಿತ.

ಖಮರುದ್ದೀನ್: ಮಾಸ್ತರ್, ಇಬ್ಬರೂ ಅರವತ್ತರ ಸಮೀಪ ಬಂದೀರಿ. ಅಲ್ಲಾನ ಅಂಜಿಕಿ ಬಿಡು, ಓಣಿಯವರ ಅಂಜಿಕಿ ಆದರೂ ಬ್ಯಾಡಾ?

ತುಳಜಾರಾಮ: ಇದಕ್ಕ ವಯಸ್ಸಿನ ಹಂಗಿಲ್ಲೋ. ಗುಲಾಬಿ ಔಷಧ ಹಚ್ಚಿ ಹಸಿರು ಬೆಳಕು ಬಿಟ್ಟರ ಮುಗೀತು.

ಖಮರುದ್ದೀನ್: ಬೆ-ಳ-ಕು?

ತುಳಜಾರಾಮ: ನೀ ಏನ್ ಇಷ್ಟು ಗಾಬರಿ ಆಗಾಕತ್ತಿ. ಸೆರಗು ಸರಿಸಿ ನೋಡು, ಆದ್ರ ಜರಾ ಬೆಳಕು ಬೀಳದಂಗ ನೋಡು.

ಖಮರುದ್ದೀನ್ ಉಸಿರು ಬಿಗಿ ಹಿಡಿದು ಸೆರಗು ಎತ್ತಿದ. ಒಳಗೆ ಇಣುಕಿದ.

ಖಮರುದ್ದೀನ್: ಮಾರಿ ಎಲ್ಲಿ ಅದ ಇದಕ್ಕ? ಉಗುರು ಅಷ್ಟೇ ಕಾಣಾಕತ್ತಾವ.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ತುಳಜಾರಾಮನಿಗೆ ಬೆವರು ಬಂತು. ಕೇಳಿ ಮುಗಿಸುವಷ್ಟರಲ್ಲಿ ಖಮರುದ್ದೀನನ ಗಾಬರಿ ಹೋಗಿ, ಅದರ ಜಾಗದಲ್ಲಿ ಕಸಬಿನ ಹಸಿವು ಬಂದು ಕೂತಿತು.

ಖಮರುದ್ದೀನ್: ಸೂಜಿ ಇಲ್ಲದ ಜೋಡು ಅಂದ್ರ ನಾ ನೋಡಲೇಬೇಕು.

ತುಳಜಾರಾಮ: ಬಿಚ್ಚಬ್ಯಾಡೋ, ಬಸ್ಸಿನ ತನಕ ಕತ್ತಲಿಯೊಳಗ ಇಡಬೇಕು.

ಖಮರುದ್ದೀನ್: ಒಂದೇ ನಿಮಿಷ. ರಫೂ ಮಾಡಾವಗ ಇದು ತೋರಸೂದಿಲ್ಲ ಅಂದ್ರ ಭಟ್ಟಗ ಊಟದ ವಾಸನಿ ಅಷ್ಟೇ ತೋರಿಸಿದಂಗ.

ನಿರಿಗೆ ಬಿಚ್ಚಿದ. ಕನ್ನಡಕ ಏರಿಸಿದ. ಅಂಗೈಯನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿದ, ಉದ್ದಕ್ಕೆ ನೋಡಿದ, ಉಗುರಿನಿಂದ ಅಂಚು ಸವರಿದ.

ಖಮರುದ್ದೀನ್: ಎಲ್ಲಿ ಅದ ಗಾಯ?

ತುಳಜಾರಾಮ: ಇಲ್ಲಿ.

ಖಮರುದ್ದೀನ್: ಇದು ಆಯುಷ್ಯದ ರೇಖಾ ಅಲ್ಲೇನು?

ತುಳಜಾರಾಮ: ಅದರ ಕೆಳಗಿಂದು.

ಖಮರುದ್ದೀನ್: ಕಮಾಲ್. ಗಂಟಿಲ್ಲ, ಎಳಿ ಇಲ್ಲ, ಸುಕ್ಕಿಲ್ಲ. ಮಾಸ್ತರ್, ಇದು ನಿನ್ನ ಹೊಲಿಗಿಕಿಂತ ಛಲೋ ಅದ.

ತುಳಜಾರಾಮ: ನೋಡಾಕ ಛಲೋ. ಹಿಡಿತ ಹ್ಯಾಂಗ ಅದನೋ.

ಬಾಯಿ ತಪ್ಪಿ ಬಂದ ಮಾತು. ಆದರೆ ಆ ಬಜಾರದಲ್ಲಿ ಒಂದು ಪದ್ಧತಿ ಇತ್ತು. ಯಾವುದೇ ಹೊಲಿಗೆ, ಯಾವುದೇ ರಫೂ ಕೈ ಬದಲಾಗುವ ಮುನ್ನ ಕೊಡುವವನು ಒಂದು ಕಡೆ, ಕೊಳ್ಳುವವನು ಒಂದು ಕಡೆ ಹೆಬ್ಬೆರಳು ಇಟ್ಟು, ಒಮ್ಮೆ ಜಗ್ಗಿ ನೋಡುವುದು. ಹಿಡಿತ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಬ್ಬರ ಹೆಬ್ಬೆರಳೂ ತಮ್ಮ ಜಾಗಕ್ಕೆ ಹೋಗುತ್ತಿದ್ದವು. ಇವತ್ತೂ ಹೋದವು. ತಲೆಗೆ ವಿಷಯ ಮುಟ್ಟುವ ಮೊದಲೇ ಮೂವತ್ತು ವರ್ಷದ ರೂಢಿ ಜಗ್ಗಿಬಿಟ್ಟಿತ್ತು.

ಅಂಟು ಬಿಡಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಜೋಳದ ಕಾಳಿನಷ್ಟು ಬಾಯಿ ತೆರೆದು, ಒಂದು ಹನಿ ರಕ್ತ ಹೊರಗೆ ಬಂದು ಇಬ್ಬರನ್ನೂ ನೋಡಿತು.

ತುಳಜಾರಾಮ: ನೀ ಜಗ್ಗಿದಿ.

ಖಮರುದ್ದೀನ್: ನಾ ಹಿಡಿದಿದ್ದೆ. ಜಗ್ಗಿದಾವ ನೀ.

ತುಳಜಾರಾಮ: ನನ್ನ ಕೈ ನಾ ಯಾಕ ಜಗ್ಗಲಿ?

ಖಮರುದ್ದೀನ್: ಅದನ್ನ ನಿನ್ನ ಕೈನ ಕೇಳು. ಹಿಂದಕ್ಕ ಸರದದ್ದು ಅದು.

ತುಳಜಾರಾಮ ಅಡುಗೆಮನೆಯ ಕಡೆ ನೋಡಿದ. ರೊಟ್ಟಿ ಬಡಿಯುವ ಸದ್ದು ತಾಳ ತಪ್ಪದೆ ಬರುತ್ತಿತ್ತು.

ತುಳಜಾರಾಮ: ಖಮರ್ಯಾ, ಅಕಿ ಇದನ್ನ ನೋಡಿದ್ರ ಕತ್ತಲಿಗೇ ಬಿಟ್ಟದ ಅಂತಾಳ. ಹೋಗೂದಿಲ್ಲ. ಮತ್ತ ಎಂದೂ ಹೋಗೂದಿಲ್ಲ. ಆ ಗಂಟು ಒಂದು ದಿನ ಸಿಕ್ಕೊಂಡ್ರ...

ಖಮರುದ್ದೀನ್ ಜೇಬಿನಿಂದ ಸೂಜಿಯ ಡಬ್ಬಿ ತೆಗೆದ.

ಖಮರುದ್ದೀನ್: ಕಾಶ್ಮೀರಿ ಶಾಲಿನ ರೇಷ್ಮಿ ಎಳಿ ಅದ. ಕೂದಲಿಗಿಂತ ಸಣ್ಣದು. ಎರಡು ಟಾಕಿ ಹಾಕಿದ್ರ ನಾನೇ ಹುಡುಕಿದರೂ ಸಿಗೂದಿಲ್ಲ. ಆದ್ರ ಒಂದು ಮಾತು, ಶಾಲು ಒದರೂದಿಲ್ಲ.

ತುಳಜಾರಾಮ: ನಾನೂ ಒದರೂದಿಲ್ಲ.

ಖಮರುದ್ದೀನ್: ಸೂಜಿ ಇನ್ನೂ ಡಬ್ಬ್ಯಾಗ ಅದ, ನಿನ್ನ ಕಣ್ಣಾಗ ಈಗೇ ನೀರು ಬಂದಾವ.

ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಸೂಜಿ ಹಿಡಿದು ಸುಟ್ಟ. ಡಾಕ್ಟರ್ ಕೊಟ್ಟ ತೊಳೆಯುವ ಔಷಧದಲ್ಲಿ ರೇಷ್ಮೆ ಎಳೆ ಅದ್ದಿದ, ಗಾಯವನ್ನೂ ಒರೆಸಿದ. ತುಳಜಾರಾಮ ಅಳತೆಯ ಟೇಪನ್ನು ಮಡಚಿ ಹಲ್ಲಿನಲ್ಲಿ ಕಚ್ಚಿಕೊಂಡ. ಸೂಜಿ ಮೊದಲ ಸಲ ಚರ್ಮ ಮುಟ್ಟುವುದಕ್ಕೂ ಒಳಗಿನಿಂದ ದನಿ ಬರುವುದಕ್ಕೂ ಸರಿಹೋಯಿತು.

ಶೇವಂತಾಬಾಯಿ (ಒಳಗಿನಿಂದ): ರೀ, ಬುತ್ತಿಗೆ ಶೇಂಗಾ ಹಿಂಡಿ ಹಾಕ್ಲ್ಯಾ?

ತುಳಜಾರಾಮ (ಟೇಪು ಉಗುಳಿ): ಹಾ-ಆ-ಆ-ಕು.

ಶೇವಂತಾಬಾಯಿ: ಯಾಕ ಅಷ್ಟು ಉದ್ದ?

ತುಳಜಾರಾಮ: ಜಾಸ್ತಿ ಹಾಕು ಅಂತ.

ಶೇವಂತಾಬಾಯಿ: ಯಾರ ಜೋಡಿ ಮಾತಾಡಾಕತ್ತೀರಿ? ಖಮರಭಾಯಿ ಬಂದಾರೇನು? ಚಾ ಇಡ್ಲ್ಯಾ?

ಎರಡನೇ ಸಲ ಸೂಜಿ ಇಳಿಯಿತು.

ತುಳಜಾರಾಮ: ಬ್ಯಾಡ, ಬ್ಯಾಡ, ಬ್ಯಾಡೋ ಮಾರಾಯಾ.

ಶೇವಂತಾಬಾಯಿ: ಮನಿಗೆ ಬಂದವರಿಗೆ ಚಾ ಬ್ಯಾಡ ಅಂತಾರೇನು?

ಖಮರುದ್ದೀನ್: ನಾನೇ ಬ್ಯಾಡ ಅಂದೇನಿ ಭಾಭಿ. ಮಾಸ್ತರ್ ನನ್ನ ಪರವಾಗಿ ಹೇಳಾಕತ್ತಾನ.

ಮೂರನೆಯದು ಇಳಿದಾಗ ತುಳಜಾರಾಮನ ಬಾಯಿಂದ ಹೊರಟದ್ದು ಯಾವ ಭಾಷೆಗೂ ಸೇರಿರಲಿಲ್ಲ.

ಶೇವಂತಾಬಾಯಿ: ಏನದು?

ತುಳಜಾರಾಮ: ಅಭಂಗ. ಅಭಂಗ ಹಾಡಾಕತ್ತೇನಿ.

ಶೇವಂತಾಬಾಯಿ: ಯಾವ ರಾಗ ಅದು?

ಖಮರುದ್ದೀನ್: ಹೊಸದು ಭಾಭಿ. ನಾಕು ಕಡೆ ಮ್ಯಾಲ ಹೋಗ್ತದ. ಇನ್ನು ಒಂದೇ ಕಡೆ ಬಾಕಿ ಅದ.

ತುಳಜಾರಾಮ "ಸಾವಕಾಶ ಖಮರ್ಯಾ" ಎಂದು ನರಳುವುದರೊಳಗೆ ಆ ಒಂದು ಕಡೆಯೂ ಹೋಯಿತು. ಖಮರುದ್ದೀನ್ ಎಳೆಯನ್ನು ಚರ್ಮಕ್ಕೆ ಸಮವಾಗಿ ಕತ್ತರಿಸಿ ದೂರ ಸರಿದು ನೋಡಿದ. ಗಾಯವೂ ಇಲ್ಲ, ಟಾಕಿಯೂ ಇಲ್ಲ. ತುಳಜಾರಾಮನ ಮುಖದಲ್ಲಿ ಬಣ್ಣವೂ ಇಲ್ಲ. ಇನ್ನು ಸೀರೆ ಉಡಿಸಬೇಕಿತ್ತು.

ಖಮರುದ್ದೀನ್: ನಿರಿಗಿ ಹಿಡಿ, ನೀ ದರ್ಜಿ.

ತುಳಜಾರಾಮ: ನನ್ನದು ಒಂದೇ ಕೈ ಖಾಲಿ ಅದ. ನೀ ಹಿಡಿ.

ಖಮರುದ್ದೀನ್: ನಮ್ಮ ಮನ್ಯಾಗ ಸಲ್ವಾರ್ ಹಾಕ್ತಾರ. ನನಗೇನು ಗೊತ್ತು?

ಒಬ್ಬ ಹಿಡಿದದ್ದನ್ನು ಇನ್ನೊಬ್ಬ ಬಿಟ್ಟು, ಇನ್ನೊಬ್ಬ ಬಿಟ್ಟದ್ದನ್ನು ಒಬ್ಬ ಸಿಕ್ಕಿಸಿ, ಕೊನೆಗೆ ಕೈಯ ತಲೆಯ ಮೇಲೆ ದಡಿ ಕೂತು, ಸೆರಗು ಕೆಳಗೆ ಜೋತಿತು. ಅಷ್ಟರಲ್ಲಿ ಶೇವಂತಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಶೇವಂತಾಬಾಯಿ: ನಾ ಏಳು ನಿರಿಗಿ ಹಿಡಿದು ಹೋಗಿದ್ದೆ. ಹನ್ನೊಂದು ಹ್ಯಾಂಗ ಆದ್ವು?

ಖಮರುದ್ದೀನ್: ಕತ್ತಲ್ಯಾಗ ಬೆಳೆದಾವ ಭಾಭಿ.

ಆಕೆ ಒಂದೊಂದೇ ಸುತ್ತು ಬಿಚ್ಚಿದಳು. ಗಂಡನ ಅಂಗೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದಳು. ಗಂಡಸರಿಬ್ಬರೂ ರಸ್ತೆಯಲ್ಲಿ ಹೋಗುವ ಎಮ್ಮೆಯನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಎಮ್ಮೆ ದಾಟಿ ಹೋಯಿತು. ಆಕೆ ಇನ್ನೂ ನೋಡುತ್ತಲೇ ಇದ್ದಳು.

ಶೇವಂತಾಬಾಯಿ: ಹಿಡದದ.

ತುಳಜಾರಾಮ: ಹಿಡದದಲ್ಲಾ?

ಶೇವಂತಾಬಾಯಿ: ಹಿಡದದ ಅಂದೆನಲ್ಲ. ಹೊಂಟೆ.

ಚೀಲ ಎತ್ತಿಕೊಂಡು ಹೊರಟೇ ಬಿಟ್ಟಳು. ತುಳಜಾರಾಮ ಖಮರುದ್ದೀನನ ಭುಜ ಹಿಡಿದು ಉಸಿರು ಬಿಡುವಷ್ಟರಲ್ಲಿ ತಿರುಗಿ ಬಂದಳು.

ಶೇವಂತಾಬಾಯಿ: ಬುತ್ತಿ ಮರ್ತೆ.

ಬುತ್ತಿ ತೆಗೆದುಕೊಂಡು ಹೋದಳು. ತುಳಜಾರಾಮ ಅಂಗಿ ಬದಲಿಸಲು ಎದ್ದ. ಅಷ್ಟರಲ್ಲಿ ಮತ್ತೆ ಬಂದಳು.

ಶೇವಂತಾಬಾಯಿ: ನಾಗೊಂದಿ ಹಲಗಿ ಮ್ಯಾಲ ಹಾಲು ಇಟ್ಟೇನಿ, ಕಾಸಿಕೊಂಡು ಕುಡೀರಿ. ಒಲಿ ಹಚ್ಚೂದು ಗೊತ್ತದ ಹೌದಲ್ಲ?

ಹೋದಳು. ಮೂರನೇ ಸಲ ಬಂದಾಗ ಮರೆತದ್ದು ಏನು ಎಂದು ಹೇಳಲಿಲ್ಲ. ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತಳು.

ಶೇವಂತಾಬಾಯಿ: ಖಮರಭಾಯಿ, ನಿಮ್ಮ ಕೈಕೆಲಸ ಭಾಳ ಸಫಾಯಿ ಅದ.

ಖಮರುದ್ದೀನ್: ಯಾವ ಕೆಲಸ ಭಾಭಿ?

ಶೇವಂತಾಬಾಯಿ: ಎರಡು ಟಾಕಿ. ರೇಷ್ಮಿ. ಕಣ್ಣಿಗಂತೂ ಕಾಣಲಿಲ್ಲ.

ಖಮರುದ್ದೀನ್ ಸೂಜಿಯ ಡಬ್ಬಿ ಜೇಬಿಗೆ ಇಳಿಸಿ, ಆ ಜೇಬಿನ ಮೇಲೆ ಕೈ ಇಟ್ಟುಕೊಂಡ. ತುಳಜಾರಾಮ ಗೋಡೆಗೆ ಒರಗಿದ.

ತುಳಜಾರಾಮ: ಕತ್ತಲಿಗೆ ಬಿಡ್ಲಿಲ್ಲ ಅದು. ಅದರ ತಪ್ಪು ಇಲ್ಲ. ನಾವಿಬ್ಬರು ಜಗ್ಗಿದ್ವಿ.

ಶೇವಂತಾಬಾಯಿ: ಕೂಡಿಕೊಂಡ ಗಾಯ ಜಗ್ಗಿ ನೋಡಿದ್ರಿ?

ತುಳಜಾರಾಮ: ಜೋಡು ಅಂದ ಮ್ಯಾಲ ಜಗ್ಗಿ ನೋಡಬೇಕಲ್ಲ.

ಶೇವಂತಾಬಾಯಿ: ಪುಣ್ಯ, ಮದವ್ಯಾಗ ಹಾಕಿದ ಗಂಟು ಜಗ್ಗಿ ನೋಡ್ಲಿಲ್ಲ.

ಖಮರುದ್ದೀನ್: ಭಾಭಿ, ನಿಮಗ ಗೊತ್ತು ಹ್ಯಾಂಗ ಆತು? ಕಣ್ಣಿಗೆ ಕಾಣಲಿಲ್ಲ ಅಂತೀರಿ.

ಶೇವಂತಾಬಾಯಿ: ಕಿವಿಗೆ ಕೇಳ್ಸಿತು. ನಾ ಸಣ್ಣಾಕಿ ಇದ್ದಾಗಿಂದ ಅಭಂಗ ಕೇಳಾಕತ್ತೇನಿ. ಯಾ ಅಭಂಗದಾಗೂ ನಡುವ "ಸಾವಕಾಶ ಖಮರ್ಯಾ" ಅಂತ ಬಂದಿಲ್ಲ.

ತುಳಜಾರಾಮ ಚೀಲವನ್ನು ನೋಡಿದ. ಅದರ ಚೈನನ್ನು ನೋಡಿದ. ಅವನ ದನಿ ತಗ್ಗಿತು.

ತುಳಜಾರಾಮ: ಹಂಗಾದ್ರ ಬಿಚ್ಚತಿ?

ಶೇವಂತಾಬಾಯಿ: ಏನು ಬಿಚ್ಚಲಿ?

ತುಳಜಾರಾಮ: ಚೀಲ. ಮಾತು ಅದೇ ಆಗಿತ್ತಲ್ಲ. ಶೇವಂತಾ, ಬ್ಯಾಡ. ನಿನಗ ಅನುಮಾನ ಇದ್ರ ನಾಳೆ ನನ್ನ ಇನ್ನೊಂದು ಕೈನೂ ಕೊಯ್ಯಿಸಿ ಅಂಟು ಹಚ್ಚಿಸಿ ನೋಡು. ಆದ್ರ ಇವತ್ತ ಬಸ್ ಹತ್ತು.

ಶೇವಂತಾಬಾಯಿ ಗಂಡನ ಮುಖ ನೋಡಿದಳು. ಅದೇ ಮಾರಿ. ಆದರೆ ಈ ಸಲ ಚ್ಯಾಷ್ಟಿ ಯಾವುದು ಖರೇ ಯಾವುದು ಎಂದು ಆಕೆ ಕೇಳಲಿಲ್ಲ.

ಶೇವಂತಾಬಾಯಿ: ಕಾಲಾಗ ಮುಳ್ಳು ಮುರದ್ರ ಓಣಿ ಕೂಡಸಾವರು ನೀವು. ತಮ್ಮ ರಕ್ತ ತಾವೇ ನೋಡಿ ಬೀಳಾವರು. ಅಂಥವರು ನಾಕು ಸಲ ಸೂಜಿ ಚುಚ್ಚಿಸಿಕೊಂಡು, ಶೇಂಗಾ ಹಿಂಡಿ ಜಾಸ್ತಿ ಹಾಕು ಅಂತೀರಿ. ನಾ ಒಳಗ ರೊಟ್ಟಿ ಬಿಟ್ಟು ಎಣಿಸಾಕತ್ತಿದ್ದೆ. ಹೆಂಚಿನ ಮ್ಯಾಲಿಂದು ಒಂದು ಕರಕಾತು.

ತುಳಜಾರಾಮ: ಅದನ್ನ ನನ್ನ ಪಾಲಿಗೆ ಇಡು.

ಶೇವಂತಾಬಾಯಿ: ಇಟ್ಟೇನಿ. ನಿಮ್ಮಂಥವರು ತಡಕೊಂಡದ್ದು ನಾ ತಡಕೊಳ್ಳಲಾರೆನಾ? ಡಾಕ್ಟರಗ ಹೇಳ್ತೇನಿ, ಅಂಟಾದ್ರೂ ಹಚ್ಚರಿ, ದಾರಾದ್ರೂ ಹಾಕ್ರಿ, ನಿಮಗ ಯಾವುದು ಸರಿ ಕಾಣ್ತದ ಅದು ಮಾಡ್ರಿ ಅಂತ.

ಖಮರುದ್ದೀನ್ ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿದ. ಕನ್ನಡಕ ಒಣಗಿಯೇ ಇತ್ತು. ತುಳಜಾರಾಮ ಒಂದೇ ಉಸಿರಿಗೆ ಚಪ್ಪಲಿ ಮೆಟ್ಟಿ ಚೀಲಕ್ಕೆ ಕೈ ಹಾಕಿದ.

ತುಳಜಾರಾಮ: ನಡಿ, ನಾನೂ ಬರ್ತೇನಿ. ಹ್ಯಾಂಗೂ ಇವತ್ತ ಕೈ ತೋರಸಾಕ ಕರದಾರ.

ಶೇವಂತಾಬಾಯಿ ಅವನ ಕೈಯಿಂದ ಚೀಲ ಕಸಿದುಕೊಂಡಳು.

ಶೇವಂತಾಬಾಯಿ: ನೀವು ಬರೂದು ನಾಳೆ ಮಧ್ಯಾಹ್ನದ ಬಸ್ಸಿಗೆ.

ತುಳಜಾರಾಮ: ಆಪರೇಶನ್ ಹೊತ್ತಿಗೆ ನಾ ಇರಬ್ಯಾಡಾ?

ಶೇವಂತಾಬಾಯಿ: ನಿಮ್ಮ ಕೈ ನೋಡಿದ್ರ ಡಾಕ್ಟರಗ ಸಿಟ್ಟು ಬರ್ತದ. ಆ ಸಿಟ್ಟು ಇಟ್ಟುಕೊಂಡು ಅವರು ನನ್ನ ಹೊಟ್ಟಿ ಕೊಯ್ಯೂದು ಬ್ಯಾಡ. ಮೊದಲು ನಂದು ಸಮಾಧಾನಲೆ ಮುಗೀಲಿ, ಆಮ್ಯಾಲ ನೀವು ಬಂದು ಆರಾಮಾಗಿ ಬೈಸ್ಕೋರಿ.

ಕಟ್ಟೆ ಇಳಿದಳು. ಓಣಿಯ ತಿರುವಿನ ತನಕ ಗಂಡಸರಿಬ್ಬರೂ ಅವಳು ಏನಾದರೂ ಮರೆತಿರಬಹುದೆಂದು ಕಾಯುತ್ತ ನಿಂತರು. ಈ ಸಲ ಆಕೆ ಏನೂ ಮರೆತಿರಲಿಲ್ಲ.